‘ಮಲಗೂ ಮುಂದ’ ನಗಿಸಿದ ವರ್ಷಗಳು

ಮೂಡಲಗಿಯ ಇಬ್ಬರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಮೊಬೈಲಿನಲ್ಲೇ ಹಾಸ್ಯದ ಸಣ್ಣ ಸಣ್ಣ ತುಣುಕು ಮಾಡಿ ಜನರಿಗೆ ಹಂಚುವವರು. “ಮೇಡಂ, ನಿಮ್ಮ ಕಾಲಕ್ಕ ಇದನ್ನೆಲ್ಲಾ ಹೆಂಗ ಮಾಡ್ತಿದ್ರಿ?” ಎಂದು ಕೇಳಿದರು. ಹೇಳುತ್ತ ಕೂತರೆ ಸಂಜೆಯಾಯಿತು. ಕಡೆಯ ಬಸ್ಸು ತಪ್ಪೀತೆಂದು ಅವರು ಎದ್ದು ಹೋದರು. ಹೇಳಿದ್ದಕ್ಕಿಂತ ಉಳಿದದ್ದೇ ಹೆಚ್ಚಾಗಿತ್ತು. ಅವರಿಗೂ ಅವರಂಥವರಿಗೂ ಉಪಯೋಗವಾದರೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇದರಲ್ಲಿ ಬರುವುದಿಲ್ಲ. ನಮ್ಮಲ್ಲಿ ಏರಲಿಕ್ಕೆ ಇದ್ದದ್ದು ಸ್ಟುಡಿಯೋದ ಮೆಟ್ಟಿಲು ಒಂದೇ.

ತೊಂಬತ್ತರ ದಶಕದ ಕೊನೆಯ ಮಾತು. ಗೋಕಾಕದಲ್ಲಿ ಅಣ್ಣಾಸಾಹೇಬರೆಂಬವರು ಪಾತ್ರೆ ಅಂಗಡಿಯ ಜೊತೆಗೆ ಕೇಬಲ್ ನಡೆಸುತ್ತಿದ್ದರು. ಮದುವೆಗಳ ವಿಡಿಯೋ ತೆಗೆಸಿಕೊಡುವ ವ್ಯವಹಾರವೂ ಇತ್ತು. ಕೇಬಲ್ಲಿನಲ್ಲಿ ಊರ ಸುದ್ದಿ, ಜಾಹೀರಾತು ಓದಲು ಅವರಿಗೆ ಒಬ್ಬರು ಬೇಕಾಗಿದ್ದರು. ನಾನು ಘೋಡಗೇರಿಯವಳು. ನಮ್ಮದು ಬೌದ್ಧ ಮನೆ, ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ಅಪ್ಪನಿಗೆ ಓದು ಬರದು, ಆದರೆ ಪೇಪರಿನ ಹುಚ್ಚು. ದಿನಾ ನಾನೇ ದೊಡ್ಡ ದನಿಯಲ್ಲಿ ಓದಿ ಹೇಳಬೇಕಿತ್ತು. ಆ ಓದಿನ ಬಲದ ಮೇಲೆ ಅಣ್ಣಾಸಾಹೇಬರ ಮುಂದೆ ನಿಂತು ಕುಕ್ಕರಿನ ಜಾಹೀರಾತು ಓದಿದೆ. ಅವರು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ ಕೇಳಿ, “ನಾಳಿಂದ ಬಾ” ಎಂದರು. 

ಒಂದು ದಿನ ಅವರೇ ಕರೆದು ಹೇಳಿದರು. “ಸುಜಾತಾ, ಶನಿವಾರ ರಾತ್ರಿ ಸಿನಿಮಾ ಮುಗದ ಮ್ಯಾಲೆ ಅರ್ಧ ತಾಸು ಖಾಲಿ ಇರತೈತಿ. ಮಂದಿ ನಕ್ಕೋತ ಮಲಗುವಂಗ ಏನರ ಮಾಡ. ಪ್ರತಿ ವಾರ ಊರಾಗಿನ ಒಬ್ಬರನ್ನ ಕರಿ. ಅವರ ನಡಸ್ಲಿ, ನೀವು ಆಟ ಆಡ್ರಿ.”

ಹೀಗೆ ‘ಮಲಗೂ ಮುಂದ’ ಹುಟ್ಟಿತು. ಮೂರೋ ನಾಲ್ಕೋ ನಗೆಪ್ರಸಂಗಗಳು, ನಡುವೆ ಮಾತಾಡಿ ಅವನ್ನು ಜೋಡಿಸುವ ಒಬ್ಬ ಅತಿಥಿ. ಬರೆಯುವವಳು ನಾನು. ಆಡುವವನು ಮಾರುತಿ. ವಾರವಿಡೀ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಸಣಕಲ ಮನುಷ್ಯ, ರವಿವಾರ ಬಂದರೆ ಅತ್ತೆಯೂ ಆಗುತ್ತಿದ್ದ, ಸೊಸೆಯೂ ಆಗುತ್ತಿದ್ದ, ಬೇಕಾದರೆ ನಡುವಿನ ಎಮ್ಮೆಯೂ ಆಗುತ್ತಿದ್ದ. ಕ್ಯಾಮೆರಾ ಯಲ್ಲಪ್ಪನದು. ಪಾತ್ರೆ ಅಂಗಡಿಯ ಮೇಲಿನ ಕೋಣೆಯೇ ಸ್ಟುಡಿಯೋ. ಕೆಳಗೆ ಯಾರಾದರೂ ಕೊಡ ಬಡಿದು ನೋಡಿದರೆ ಮೇಲೆ ನಮ್ಮ ಶೂಟಿಂಗು ನಿಲ್ಲುತ್ತಿತ್ತು. ರವಿವಾರ ಬೆಳಿಗ್ಗೆ ತೆಗೆದದ್ದನ್ನು ಮುಂದಿನ ಶನಿವಾರ ತೋರಿಸುತ್ತಿದ್ದೆವು.

ನಮ್ಮ ಮೊದಲ ಅತಿಥಿ ಗೋಕಾಕದ ಒಬ್ಬ ಡಾಕ್ಟರು. ಮಾತಿನಮಲ್ಲ, ದವಾಖಾನೆಗೆ ಅಳುತ್ತ ಹೋದವರು ನಗುತ್ತ ಬರುತ್ತಾರೆ ಎಂದು ಹೆಸರು. ಆದರೆ ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ಅವರ ನಾಲಿಗೆ ಅಂಟಿಕೊಂಡಿತು. ನಾನು ಬರೆದುಕೊಟ್ಟ ಸ್ವಾಗತದ ಮಾತು ಒಂದೂ ಹೊರಬರಲಿಲ್ಲ. ಬೆವರು ಒರೆಸಿಕೊಂಡು ಕ್ಯಾಮೆರಾದತ್ತ ಬಗ್ಗಿ, ರೂಢಿಯ ಮೇಲೆ ಕೇಳಿಯೇಬಿಟ್ಟರು:

“ಎಷ್ಟ ದಿನದಿಂದ ಐತಿ?”

ಯಲ್ಲಪ್ಪ ಕ್ಯಾಮೆರಾ ನಿಲ್ಲಿಸಲು ಕೈ ಹಾಕಿದ. ನಾನು ಬೇಡವೆಂದು ಸನ್ನೆ ಮಾಡಿದೆ. ಮಾರುತಿಯ ತಲೆ ಚುರುಕು. ಅವನು ಹೆಂಡತಿಯ ವೇಷದಲ್ಲಿ ಮುಂದೆ ಬಂದು, “ಮದುವ್ಯಾದಾಗಿಂದ ಐತ್ರಿ” ಎಂದ. ಡಾಕ್ಟರರಿಗೆ ದಾರಿ ಸಿಕ್ಕಿತು. ಆಮೇಲೆ ಬಂದ ಪ್ರತಿ ಪಾತ್ರಕ್ಕೂ ಅದನ್ನೇ ಕೇಳಿದರು, ನಾಲಿಗೆ ತೆಗೆ ಎಂದರು, ಊಟದ ಆಮೇಲೆ ಜಗಳಾಡು ಎಂದು ಔಷಧ ಹೇಳಿದರು. ಮುಂದೆ ಬಹಳ ವರ್ಷ ಅವರ ದವಾಖಾನೆಯಲ್ಲಿ ರೋಗಿಗಳೇ ಮೊದಲು, “ಎಷ್ಟ ದಿನದಿಂದ ಐತಿ ಅಂತ ಕೇಳ್ರಿ ಸಾಹೇಬ್ರ” ಎನ್ನುತ್ತಿದ್ದರಂತೆ. ಆ ದಿನದಿಂದ ನಾನು ಅತಿಥಿಗಳಿಗೆ ಮಾತು ಬರೆದುಕೊಡುವುದನ್ನು ಬಿಟ್ಟೆ. ಅವರು ದಿನವೂ ಮಾಡುವುದನ್ನು ಕ್ಯಾಮೆರಾದ ಮುಂದೆ ಮಾಡಲು ಬಿಟ್ಟು, ಅದರ ಸುತ್ತ ನಮ್ಮ ಆಟ ಹೆಣೆದೆ. ಈ ಕೆಲಸಕ್ಕೆ ಬರುವವರು ಇದೊಂದನ್ನು ಕಲಿತರೂ ಸಾಕು.

ಮೂಡಲಗಿಯಿಂದ ಬಳೆಗಾರ್ತಿಯೊಬ್ಬಳು ಬಂದಿದ್ದಳು, ಹುಸೇನಬಿ ಎಂದು. ಎಂಥ ಒರಟು ಕೈಯಾದರೂ ಹಿಡಿದುಕೊಂಡು, “ಬೆಣ್ಣಿ ಇದ್ದಂಗ ಐತಿ ಕೈ” ಎನ್ನುವ ಬಾಯಿ. ಮಾರುತಿ ಮದುವೆಯ ಹುಡುಗಿಯಾಗಿ ಮುಂದೆ ಕೂತ. ಅವಳು ಹೊಗಳುತ್ತ ಹೊಗಳುತ್ತ ಪಂಕ್ಚರ್ ಹಾಕುವ ಆ ಕೈಗೆ ಹಸಿರು ಬಳೆ ಏರಿಸಿಬಿಟ್ಟಳು. ಶೂಟಿಂಗ್ ಮುಗಿದ ಮೇಲೆ ನೋಡಿದರೆ ಬಳೆ ಹೊರಗೆ ಬರಲೊಲ್ಲದು. ಒಡೆಯೋಣವೆಂದರೆ ಅವನ ಅವ್ವ ಅಡ್ಡ ಬಂದಳು.

“ಬಳಿ ಒಡೆಯೂದಂದ್ರ ಏನಂತ ತಿಳದಿ? ನಿಮ್ಮಪ್ಪ ಇನ್ನೂ ಗಟ್ಟಿ ಅದಾನ. ಮನ್ಯಾಗ ಅಂಥಾ ಸಪ್ಪಳ ಆಗಬಾರದು.”

ಹೀಗಾಗಿ ಮಾರುತಿ ಹಸಿರು ಬಳೆ ತೊಟ್ಟೇ ಸೈಕಲ್ ರಿಪೇರಿ ಮಾಡುತ್ತಿದ್ದ. ನೋಡಲಿಕ್ಕೆಂದೇ ಜನ ಇದ್ದ ಗಾಳಿ ಬಿಟ್ಟುಕೊಂಡು ಗಾಳಿ ಹಾಕಿಸಲು ಬರುತ್ತಿದ್ದರು. ಕಡೆಗೆ ಹುಸೇನಬಿಯೇ ಸಂತೆಯ ದಿನ ಬಂದು, ಎಣ್ಣೆ ಹಚ್ಚಿ, ಮತ್ತೊಮ್ಮೆ ಬೆಣ್ಣೆಯಂಥ ಕೈ ಎಂದು ಹೇಳಿ ತೆಗೆದಳು.

ಅಣ್ಣಾಸಾಹೇಬರ ಬಗ್ಗೆ ಹೇಳದಿದ್ದರೆ ಈ ಕಥನ ಪೂರ್ತಿಯಾಗದು. ನನಗೆ ಸಿಕ್ಕ ಮೊದಲ ಮೇಲಧಿಕಾರಿ ಅವರು. ನಗೆಯ ಕಾರ್ಯಕ್ರಮ ಮಾಡಿಸುತ್ತಿದ್ದ ಆ ಮನುಷ್ಯ ನಗುತ್ತಿರಲಿಲ್ಲ. ನಾನು ಬರೆದದ್ದನ್ನು ಅಂಗಡಿಯ ದುಡ್ಡಿನ ಗಲ್ಲೆಯ ಮೇಲೆ ಕೂತು, ಪಾತ್ರೆಯ ತೂಕ ನೋಡುವ ಹಾಗೆ ಓದುವರು. ಇಷ್ಟವಾದರೆ “ಹೂಂ”. ಆಗದಿದ್ದರೆ “ಇದು ಬ್ಯಾಡ”. ಒಮ್ಮೆ ಕುಂಟುವ ಒಬ್ಬ ಮನುಷ್ಯನ ಬಗ್ಗೆ ಮಾರುತಿ ಏನೋ ಸೇರಿಸಿದ್ದ. ಅಣ್ಣಾಸಾಹೇಬರು ಕರೆಸಿ ಕೇಳಿದರು.

“ಮಾರುತಿ, ಇದು ಬಂದ ಮರುದಿನ ಅವರ ಮನಿಗೆ ಚಾ ಕುಡ್ಯಾಕ ಹೋಗ್ತಿಯೇನ?”

“ಹೆಂಗ ಹೋಗಾಕ ಬರ್ತೈತ್ರಿ?”

“ಹಂಗಾರ ತಗಿ. ಯಾರ ಮನ್ಯಾಗ ಮರುದಿನ ಚಾ ಸಿಗತೈತಿ ಅವರನ್ನಷ್ಟ ಕಾಡಸ್ರಿ.”

ನಂತರ ಅನೇಕ ಪುಸ್ತಕ ಓದಿದ್ದೇನೆ, ದೊಡ್ಡ ಊರುಗಳ ತರಬೇತಿಗಳಿಗೂ ಹೋಗಿ ಬಂದಿದ್ದೇನೆ. ಹಾಸ್ಯದ ಬಗ್ಗೆ ಇದಕ್ಕಿಂತ ಉಪಯೋಗದ ಮಾತನ್ನು ಯಾರೂ ಹೇಳಲಿಲ್ಲ.

ಎರಡು ಸಾವಿರದ ನಂತರ ಕಂಪ್ಯೂಟರ್ ಬಂತು. ಅದುವರೆಗೆ ಎರಡು ವಿಸಿಆರ್ ಎದುರುಬದುರು ಇಟ್ಟು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಹಿಡಿದು ಜೋಡಿಸುತ್ತಿದ್ದೆವು. ಯಲ್ಲಪ್ಪನ ಬೆರಳು ಒಂದು ಕ್ಷಣ ತಡವಾದರೆ ಅತ್ತೆಯ ಬೈಗುಳ ಎಮ್ಮೆಯ ಬಾಯಲ್ಲಿ ಬರುತ್ತಿತ್ತು. ಕಂಪ್ಯೂಟರಿನ ಜೊತೆ ಹೊಸ ಎಡಿಟರ್ ಒಬ್ಬ ಬಂದ. ಅವನು ಎಲ್ಲಿಂದಲೋ ತಂದ ರೆಡಿಮೇಡ್ ನಗುವನ್ನು ನಮ್ಮ ಪ್ರಸಂಗಗಳ ನಡುವೆ ತುಂಬಿದ. ಅಣ್ಣಾಸಾಹೇಬರು ಕೂತು ಪೂರ್ತಿ ಕೇಳಿದರು.

“ಯಾರಿವರು, ನಗಾಕತ್ತವರು?”

“ಹಂಗ ರೆಕಾರ್ಡ್ ಸಿಗತೈತ್ರಿ.”

“ಇವರು ನಮ್ಮ ಕಡೆಯವರಲ್ಲ. ಮಾತ ತಿಳೀದನ ನಗಾಕತ್ತಾರ.”

ಮರುದಿನ ನಾನೂ ಯಲ್ಲಪ್ಪನೂ ಮೈಕು ಹಿಡಿದು ನಾಗನೂರಿಗೆ ಹೋದೆವು. ಅರಿಶಿನದ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ನಗಿರಿ ಎಂದರೆ ಯಾರೂ ನಗಲಿಲ್ಲ, ಮೈಕು ನೋಡಿ ಸೆರಗು ಸರಿಮಾಡಿಕೊಂಡರು. ಕಡೆಗೆ ನಾನು ಮಾರುತಿಯ ಬಳೆಯ ಕತೆ ಹೇಳಿದೆ. ಒಬ್ಬಳು ಶುರು ಮಾಡಿದಳು. ಅವಳ ನಗೆ ಒಳಕ್ಕೆ ಎಳೆದುಕೊಂಡು ಗೊರ್ ಎಂದು ಮುಗಿಯುವಂಥದು. ಅದನ್ನು ಕೇಳಿ ಉಳಿದವರು ರೊಟ್ಟಿ ಕೈಯಲ್ಲೇ ಹಿಡಿದು ಉರುಳಾಡಿದರು. ಆ ನಗುವನ್ನೇ ನಾವು ವರ್ಷಗಟ್ಟಲೆ ಬಳಸಿದೆವು. ನಾಗನೂರಿನಲ್ಲಿ ಕಾರ್ಯಕ್ರಮ ನೋಡುವವರು ಮಾತಿಗಲ್ಲ, ಆ ಗೊರಕೆಗೆ ಕಾಯುತ್ತಿದ್ದರಂತೆ. “ಬಂತ ನೋಡ, ನಮ್ಮತ್ತಿ ನಗಿ” ಎಂದು ಅವಳ ಸೊಸೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳಂತೆ.

ಮುಂದೆ ಮನೆಮನೆಗೆ ನೂರಾರು ಚಾನೆಲ್ ಬಂದವು. ಶನಿವಾರದ ಅರ್ಧ ತಾಸಿಗೆ ಕಾಯುವವರು ಕಡಿಮೆಯಾದರು. ಅಣ್ಣಾಸಾಹೇಬರು ಬೇಸರವಿಲ್ಲದೆ, “ಸಾಕಿನ್ನ, ಎಲ್ಲಾರೂ ನಕ್ಕಾರ” ಎಂದು ನಿಲ್ಲಿಸಿದರು. ನಾನು ಸುದ್ದಿ, ಸಾಕ್ಷ್ಯಚಿತ್ರ ಎಂದು ಬೇರೆ ಕೆಲಸಗಳಲ್ಲಿ ನಿವೃತ್ತಿಯವರೆಗೂ ಇದ್ದೆ. ಆದರೆ ಹುಡುಗಿಯರು ಬಸ್ಸಿಗೆಂದು ಎದ್ದಾಗ ನಾನು ಹೇಳಲು ಹೊರಟಿದ್ದು ಕಲ್ಲೋಳಿಯ ಪಾರಿಸ ಕಾಕಾನ ಪ್ರಸಂಗ. ಕಂಪ್ಯೂಟರ್ ಬರುವುದಕ್ಕೆ ಮೊದಲು ನಡೆದದ್ದು.

ಆಗ ನಮ್ಮ ಕಾರ್ಯಕ್ರಮವನ್ನು ಮೂಡಲಗಿ, ಹುಕ್ಕೇರಿಯ ಕೇಬಲ್ಲಿನವರೂ ತೋರಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಒಂದೊಂದು ಕ್ಯಾಸೆಟ್ಟನ್ನು ಆಯಾ ಊರಿನ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸುವುದು. ಆ ವಾರ ದಸರೆಯ ಮುಂಚಿನ ಸ್ವಚ್ಛತೆ ನಡೆದು ಕಪಾಟಿನ ಕ್ಯಾಸೆಟ್ಟುಗಳೆಲ್ಲ ನೆಲಕ್ಕೆ ಬಂದಿದ್ದವು. ಬಸ್ಸು ಹೊರಡುವ ಗಡಿಬಿಡಿಯಲ್ಲಿ ಮಾರುತಿ ಹುಕ್ಕೇರಿಗೆ ಕಳಿಸಿದ್ದು ನಮ್ಮ ಕಾರ್ಯಕ್ರಮವನ್ನಲ್ಲ, ಒಂದು ಹಳೆಯ ಮದುವೆಯ ಕ್ಯಾಸೆಟ್ಟನ್ನು. ಹುಕ್ಕೇರಿಯ ಕೇಬಲ್ಲಿನವನು ಅದನ್ನು ಹಾಕಿ, ಕೋಣೆಗೆ ಬೀಗ ಜಡಿದು ಊಟಕ್ಕೆ ಹೋದ.

ರವಿವಾರ ಅಲ್ಲಿಂದ ನೋಡಿದವರೊಬ್ಬರ ಫೋನು ಬಂತು. ತೆಗೆದವನು ಮಾರುತಿ.

“ಈ ವಾರದ್ದ ಭಾಳ ಚಲೋ ಇತ್ತ ನೋಡ್ರಿ. ಆ ಸಿಟ್ಟಿನ ಮುದಕಪ್ಪ ಯಾರ್ರಿ? ಖರೇನ ಮುನಿಸ್ಕೊಂಡವರಂಗ ಮಾಡ್ಯಾನ.”

ಮಾರುತಿ ಅಭಿಮಾನದಿಂದ, “ಮುದಕಪ್ಪ ನಾನ ರೀ” ಎಂದು ಹೇಳಿ ಫೋನಿಟ್ಟ. ನಂತರ ಆ ವಾರ ತಾನು ಮುದುಕನ ಪಾತ್ರ ಮಾಡಿಲ್ಲವೆಂಬುದು ಅವನಿಗೆ ನೆನಪಾಯಿತು.

ಕ್ಯಾಸೆಟ್ಟಿನಲ್ಲಿದ್ದದ್ದು ಎರಡು ವರ್ಷದ ಹಿಂದೆ ಹುಕ್ಕೇರಿಯಲ್ಲಿ ನಡೆದ ಮದುವೆ. ಹುಡುಗಿ ಅಲ್ಲಿನ ಧನಪಾಲ ಎಂಬವರ ಮಗಳು ತ್ರಿಶಲಾ. ಹುಡುಗ ಕಲ್ಲೋಳಿಯ ಪಾರಿಸ ಕಾಕಾನ ಮಗ. ತೆಗೆದವನು ನಮ್ಮ ಯಲ್ಲಪ್ಪನೇ. ಅದರಲ್ಲಿ, ಊಟಕ್ಕೆ ಏಳಿರೆಂದು ಕರೆದಾಗ ಗಂಡಿನ ತಂದೆ ಪಾರಿಸ ಕಾಕಾ ಕುರ್ಚಿ ಬಿಟ್ಟು ಏಳುವುದಿಲ್ಲ. ಬೀಗರು ಕೈ ಮುಗಿಯುತ್ತಾರೆ. ಹಿರಿಯರು ಬಂದು ಮರಾಠಿಯಲ್ಲಿ, ಕನ್ನಡದಲ್ಲಿ ಬೇಡುತ್ತಾರೆ. ಪೇಟ ತಂದು ಸುತ್ತುತ್ತಾರೆ. ಕಾಕಾ ಕಲ್ಲಿನ ಹಾಗೆ ಕೂತಿರುತ್ತಾನೆ. ಪಂಕ್ತಿಯಲ್ಲಿ ಬಡಿಸಿದ ಅನ್ನ ಆರುತ್ತದೆ. ಕಡೆಗೆ ಧನಪಾಲರು ಒಂದು ದೊಡ್ಡ ಶಾಲು ತರಿಸಿ ಹೊದಿಸುತ್ತಾರೆ, ಕಾಕಾ ತಟ್ಟನೆ ಎದ್ದು ಊಟಕ್ಕೆ ನಡೆಯುತ್ತಾನೆ.

ಶಾಲಿಗಾಗಿ ಪಂಕ್ತಿ ನಿಲ್ಲಿಸಿದ ಮನುಷ್ಯ ಎಂದು ಅಂದಿನಿಂದ ಬೀಗರಲ್ಲಿ ಮಾತು ನಿಂತಿತ್ತು. ಮೊಮ್ಮಗ ಹುಟ್ಟಿದರೂ ಒಬ್ಬರು ಬಂದ ಕಡೆ ಇನ್ನೊಬ್ಬರು ಬರುತ್ತಿರಲಿಲ್ಲ. ಮದುವೆಯ ಕ್ಯಾಸೆಟ್ಟನ್ನು ಎರಡೂ ಮನೆಯವರು ಒಯ್ಯಲಿಲ್ಲ. ಅದಕ್ಕೇ ಅದು ನಮ್ಮ ಕಪಾಟಿನಲ್ಲಿ ಉಳಿದದ್ದು.

ಸೋಮವಾರ ಬೆಳಿಗ್ಗೆ ಕಾಕಾ ಸ್ಟುಡಿಯೋಕ್ಕೇ ಬಂದ. ಗಾಂಧಿ ಟೋಪಿ, ಬಿಳಿ ಅಂಗಿ, ಕಚ್ಚೆ ದೋತರ. ಬೈಯಲಿಲ್ಲ. ಅಣ್ಣಾಸಾಹೇಬರ ಎದುರು ಕೂತು ನೆಲ ನೋಡುತ್ತ ಹೇಳಿದ.

“ಹುಕ್ಕೇರಿಗೆ ಹುಕ್ಕೇರಿನ ನಕ್ಕೈತಂತ. ಬೀಗರ ಓಣ್ಯಾಗ ಹುಡುಗೂರು ಶಾಲ ಹೊತ್ಕೊಂಡು ನನ್ನಂಗ ಕುಂಡ್ರಾಕತ್ತಾವಂತ. ಸೊಸಿ ಮುಂದ ಹೆಂಗ ನಿಂದರ್ಲಿ ನಾ? ಎರಡ ವರ್ಷ ಆಗಿತ್ತ, ಮರ್ತಿದ್ರು. ನೀವು ಮತ್ತ ಎಬ್ಬಿಸಿದ್ರಿ.”

ಅಣ್ಣಾಸಾಹೇಬರು ಎದ್ದು ಕೈ ಮುಗಿದರು. “ತಪ್ಪ ನಮ್ಮದು, ಕಾಕಾ. ಏನ ಮಾಡಂತೀರಿ ಹೇಳ್ರಿ, ಮಾಡ್ತೇವಿ.”

“ನಕ್ಕದ್ದ ತಿರುಗಿ ತಗೊಳ್ಳಾಕ ಬರ್ತೈತೇನ?”

ನಾನು ಚಹಾ ತಂದುಕೊಟ್ಟೆ. ಹುಕ್ಕೇರಿಯಿಂದ ಬಸ್ಸಿನಲ್ಲಿ ತರಿಸಿಕೊಂಡ ಆ ವಿಡಿಯೋವನ್ನು ಬೆಳಿಗ್ಗೆಯೇ ನೋಡಿದ್ದೆ. ನನಗೊಂದು ಅರ್ಥವಾಗಿರಲಿಲ್ಲ. ಕಾಕಾನ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೆದರಿಕೆ ಇತ್ತು.

“ಕಾಕಾ, ಖರೇನ ಶಾಲ ಸಲುವಾಗಿ ಕುಂತಿದ್ರೇನ್ರಿ?”

ಕಾಕಾ ಚಹಾದ ಬಟ್ಟಲು ಹಿಡಿದೇ ಬಾಗಿಲ ಕಡೆ ನೋಡಿದ. ಆಮೇಲೆ, “ಬಾಗಲ ಹಾಕ್ರಿ” ಎಂದ. ತಪ್ಪು ಅವನದೆಂದು ಕರೆಸಿದ್ದ ಮಾರುತಿ ಬಾಗಿಲು ಹಾಕಿದ.

“ಆ ಕಬ್ಬಣದ ಕುರ್ಚಿಗೆ ಒಂದ ಮೊಳಿ ಇತ್ತವಾ. ಕುಂಡ್ರಾಕ ಹೋದ್ನಿ, ಚರ್ ಅಂತು. ಹಿಂದ ದೋತರ ಮ್ಯಾಲಿಂದ ಕೆಳಗಿನ ತನಕಾ ಹೋತ. ಏಳೂದು ಹೆಂಗ? ಮನಿಯವಳು ಒಳಗ ಇದ್ಲು. ಯಾರಿಗರ ಕಿವ್ಯಾಗ ಹೇಳೂಣು ಅನ್ನೂದರಾಗ ಬೀಗರು ಬಂದ್ರು, ಮಾನಪಾನ ಕಡಿಮಿ ಆತೇನ್ರಿ ಅಂದ್ರು. ಮಂದಿ ಕೂಡತು. ಪ್ಯಾಟಾ ಸುತ್ತಿದ್ರು. ಪ್ಯಾಟಾ ತಗೊಂಡು ಏನ ಮುಚ್ಚಲಿ ನಾ?”

ಮಾರುತಿ ಬಾಗಿಲಿಗೆ ಒರಗಿ ನಿಂತವನು ಹಾಗೇ ಕೆಳಗೆ ಜಾರಿ ಕೂತ. ಯಲ್ಲಪ್ಪ ಗೋಡೆಯ ಕಡೆ ತಿರುಗಿದ. ಕಾಕಾ ಒಮ್ಮೆ ಎಲ್ಲರನ್ನೂ ದುರುಗುಟ್ಟಿ ನೋಡಿದ. ಆಮೇಲೆ ಅವನ ಟೋಪಿ ಅಲುಗತೊಡಗಿತು. ಚಹಾ ಚೆಲ್ಲಿತು. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು.

“ಇದನ್ನ ನೀವ ಬಂದು ಹೇಳ್ರಿ ಕಾಕಾ, ನಮ್ಮ ಕಾರ್ಯಕ್ರಮದಾಗ” ಎಂದೆ.

“ಹೋಗವಾ. ಇದ್ದಷ್ಟ ಮರ್ಯಾದಿನೂ ಕಳೀಬೇಕಂತೀಯೇನ?”

ಅಣ್ಣಾಸಾಹೇಬರು ಗಂಭೀರವಾಗಿ ಕೇಳಿದರು. “ಶಾಲಿಗೆ ಆಸೆ ಮಾಡಿದಾಂವ ಅನ್ನಿಸ್ಕೊಳ್ಳೂದು ಚಲೋನೋ, ದೋತರ ಹರಕೊಂಡಾಂವ ಅನ್ನಿಸ್ಕೊಳ್ಳೂದು ಚಲೋನೋ? ಮನ್ಯಾಗ ಕೇಳ್ಕೊಂಡ ಬರ್ರಿ.”

ಮುಂದಿನ ರವಿವಾರ ಕಾಕಾ ಬಂದ. ಹೊಸ ದೋತರ ಉಟ್ಟಿದ್ದ. ನಮ್ಮ ಕುರ್ಚಿಯ ಮೇಲೆ ಕೈಯಾಡಿಸಿ, ಮೊಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೂತ. ಅದನ್ನೂ ಯಲ್ಲಪ್ಪ ಹಿಡಿದುಕೊಂಡ.

ಪ್ರಸಂಗದಲ್ಲಿ ಮಾರುತಿ ಕಾಕಾನಾಗಿ ಕೂರುವುದು, ಕಾಕಾ ಪಕ್ಕದಲ್ಲಿ ನಿಂತು ವಿವರಿಸುವುದು ಎಂದು ಮಾತಾಗಿತ್ತು. ಅರ್ಧಕ್ಕೇ ಕಾಕಾ, “ಏಳ, ನಿನಗ ಬರೂದಿಲ್ಲ” ಎಂದು ಅವನನ್ನು ಎಬ್ಬಿಸಿ ತಾನೇ ಕೂತ. ಮಾರುತಿ ಅವಸರದಲ್ಲಿ ಬೀಗರ ಪಾತ್ರಕ್ಕೆ ಹೊರಳಿ, ಸೊಂಟದ ಮೇಲೆ ಕೈಯಿಟ್ಟು ಜೋರು ಮಾಡಿದ. ಕಾಕಾ ಆಟ ನಿಲ್ಲಿಸಿಬಿಟ್ಟ.

“ಹಂಗ ಮಾಡಬ್ಯಾಡ. ನಮ್ಮ ಬೀಗರು ಹಂಗ ನಿಂದರಲಿಲ್ಲ. ಕೈ ಮುಗದ ನಿಂತಿದ್ರು. ಬಿಸಲಾಗ, ಬರಿಗಾಲಾಗ. ಏನೂ ತಪ್ಪ ಇರಲಿಲ್ಲ ಅವರದು.”

ಕೆಳಗೆ ಅಂಗಡಿಯಲ್ಲಿ ಒಂದು ಬೋಗುಣಿ ಬಿದ್ದ ಸದ್ದಾಯಿತು, ನಾವು ಕ್ಯಾಮೆರಾ ನಿಲ್ಲಿಸಲಿಲ್ಲ. ಕಾಕಾ ನೇರ ಕ್ಯಾಮೆರಾ ನೋಡಿ, ಎದುರಿಗೆ ಕೂತವರೊಡನೆ ಮಾತಾಡುವಂತೆ ಹೇಳಿದ. “ಬೀಗರ, ನನಗ ಶಾಲ ಬೇಕಾಗಿರಲಿಲ್ರಿ. ಶಾಲಿಲ್ಲದ ಏಳಾಕ ಬರ್ತಿರಲಿಲ್ಲ.”

ಅದು ಪ್ರಸಾರವಾದ ಮರುದಿನ ಬೆಳಿಗ್ಗೆ ಅಂಗಡಿಯ ಫೋನು ರಿಂಗಾಯಿತು. ನಾನೇ ತೆಗೆದೆ.

“ನಾ ಹುಕ್ಕೇರಿಯಿಂದ ಧನಪಾಲ. ಅದನ್ನ ಮತ್ತೊಮ್ಮೆ ಹಾಕಾಕ ಬರ್ತೈತೇನ್ರಿ?”

“ಯಾಕ್ರಿ, ಲೈಟ ಹೋಗಿತ್ತೇನ್ರಿ?”

“ಇಲ್ರಿ. ದೋತರ ಅಂದ ಕೂಡಲೇ ನಮ್ಮ ಮನ್ಯಾಗ ನಗಾಕ ಹತ್ತಿದ್ರು. ಬೀಗರು ಕಡೀಕ ಏನ ಅಂದ್ರೋ ಕೇಳಲೇ ಇಲ್ಲ.”

ಕಾಕಾ ಹೇಳಿದ ಮಾತನ್ನು ನಾನು ಫೋನಿನಲ್ಲೇ ಹೇಳಿದೆ. “ಆತ್ರಿ” ಎಂದು ಹೇಳಿ ಅವರು ಫೋನಿಟ್ಟರು. ಅಂದೇ ಕಲ್ಲೋಳಿಯ ಬಸ್ಸು ಹತ್ತಿದರೆಂದು ನಮಗೆ ತಿಳಿದದ್ದು ಮೊಮ್ಮಗನ ಜಾವಳದ ಕರೆ ಬಂದಾಗ.

ಜಾವಳಕ್ಕೆ ಕಲ್ಲೋಳಿಗೆ ಹೋದೆವು. ಯಲ್ಲಪ್ಪ ವಿಡಿಯೋ ತೆಗೆದ. ಮಗುವಿನ ಕೂದಲು ತೆಗೆದು, ಊಟವಾಗಿ, ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ತ್ರಿಶಲಾ ನನ್ನ ಬಳಿ ಬಂದಳು. “ಅಕ್ಕಾರ, ನನ್ನ ಮದುವಿ ಹುಕ್ಕೇರಿ ಮಂದಿ ಎಲ್ಲಾ ನೋಡ್ಯಾರ. ನಾನಷ್ಟ ನೋಡಿಲ್ಲ.”

ಕ್ಯಾಸೆಟ್ಟನ್ನು ನಾವು ಉಡುಗೊರೆಯೆಂದು ತಂದಿದ್ದೆವು. ಅಲ್ಲೇ ಟಿವಿಗೆ ಹಚ್ಚಿದೆವು. ಕಾಕಾ ಕುರ್ಚಿಯಲ್ಲಿ ಕೂತ ಭಾಗ ಬಂದಾಗ ಮನೆ ತುಂಬ ನಗೆ, ಕಾಕಾನದೇ ಎಲ್ಲರಿಗಿಂತ ಜೋರು. ಧನಪಾಲರು ಮಾತ್ರ ಪರದೆಯ ಮೂಲೆ ತೋರಿಸಿದರು. ಅಲ್ಲಿ ವೇದಿಕೆಯ ಮೇಲೆ ಮದುಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಹೆಗಲು ಕುಲುಕುತ್ತಿತ್ತು.

“ಶಾಲಿನ ಸಿಟ್ಟ ಎಂದೋ ಹೋಗಿತ್ರಿ ಬೀಗರ. ಇಕಿ ಹಿಂಗ ಅತ್ತದ್ದ ನೋಡಿದ್ನೆಲ್ಲಾ, ಅದ ಹೋಗವಲ್ಲದಾಗಿತ್ತ.”

ಕಾಕಾನ ನಗೆ ನಿಂತಿತು. ತ್ರಿಶಲಾ ಮಗುವನ್ನು ಹೆಗಲಿಗೆ ಹಾಕಿಕೊಂಡು ನೆಲ ನೋಡಿದಳು.

“ನಾ ಅತ್ತಿದ್ದಿಲ್ಲಪ್ಪಾ.”

“ಮತ್ತ?”

“ಮ್ಯಾಲ ಕುಂತಾಕಿಗೆ ಎಲ್ಲಾ ಕಾಣ್ತಿತ್ತ. ದೋತರ ಹರದದ್ದ ನಾ ನೋಡಿದ್ನಿ.”

ಕಾಕಾ ಸೊಸೆಯ ಕಡೆ ತಿರುಗಿದ. “ಎರಡ ವರ್ಷ ನಾವು ಮಾರಿ ತಿರವಿಕೊಂಡ ಅಡ್ಡಾಡಿದ್ವಿ. ಒಂದ ಮಾತ ಹೇಳಬಾರದೇನ ತಂಗಿ?”

“ಮಾವಾರ ದೋತರ ಹರದೈತಿ ಅಂತ ಯಾವ ಹೊಸ ಸೊಸಿ ಹೇಳ್ತಾಳ್ರಿ?” ಎಂದಳು ತ್ರಿಶಲಾ. “ಇಲ್ಲಿ ಹೇಳಿದ್ರ ನಿಮ್ಮ ಮರ್ಯಾದಿ, ಅಲ್ಲಿ ಹೇಳಿದ್ರ ನನ್ನ ಮರ್ಯಾದಿ. ಒಬ್ಬಾಕಿನ ಅಡಿಗಿಮನ್ಯಾಗ ನಿಂತು ನಗ್ತಿದ್ನಿ. ಒಮ್ಮೊಮ್ಮೆ ಅಳ್ತಿದ್ನಿ.”

ಧನಪಾಲರು ಬೀಗರನ್ನು ನೋಡಿದರು, ಬೀಗರು ಅವರನ್ನು ನೋಡಿದರು. ಕಾಕಾ ನನ್ನ ಕಡೆ ತಿರುಗಿ ಹೇಳಿದ. “ಬಾಯಾರ, ಮುಂದಿನ ವಾರ ಯಾರನ್ನೂ ಹುಡುಕಬ್ಯಾಡ್ರಿ. ನಮ್ಮ ಸೊಸಿ ಬರ್ತಾಳ.”

ತ್ರಿಶಲಾ ಮಗುವನ್ನು ಎತ್ತಿಕೊಂಡೇ ಬಂದಳು. ಮದುವೆಯ ವೇದಿಕೆಯ ಮೇಲೆ ಕೂತ ಹುಡುಗಿಗೆ ಏನೇನು ಕಾಣುತ್ತದೆ ಎಂಬುದನ್ನೇ ಅರ್ಧ ತಾಸು ಹೇಳಿದಳು. ಆಡಲಿಕ್ಕೆಂದು ಬಂದ ಮಾರುತಿ ಆಡುವುದನ್ನು ಮರೆತು ಕೇಳುತ್ತ ನಿಂತ. ಕಾಕಾ ಮತ್ತು ಧನಪಾಲರು ಕ್ಯಾಮೆರಾದ ಹಿಂದೆ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅವರಿಬ್ಬರ ನಗೆ ಅವಳ ಮಾತನ್ನೇ ಮುಚ್ಚುತ್ತಿದ್ದರಿಂದ ಯಲ್ಲಪ್ಪ ಇಬ್ಬರನ್ನೂ ಕೈ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಹಾಕಬೇಕಾಯಿತು.